ಎಡಗೈ ಸುತ್ತಿನ ಕೋಲು

ಮಾರ್ಚ್ ೧೨, ೧೯೮೩

ಅಪ್ಪನ ಟ್ರೇಲರ್ ಮನೆಯನ್ನು ಇವತ್ತು ಖಾಲಿ ಮಾಡಿದೆ. ಜೀವಮಾನವಿಡೀ ಬೌಲಿಂಗ್ ಆಟದ ಮರದ ಪಿನ್ನು ಮಾಡುವ ಕಾರ್ಖಾನೆಯಲ್ಲಿ ಮರದ ಪುಡಿ ನುಂಗಿದ ಮನುಷ್ಯ ಬಿಟ್ಟುಹೋದ ಆಸ್ತಿಗೆ ನನ್ನ ಪಿಕಪ್ಪಿನ ಹಿಂಭಾಗ ಅರ್ಧವೂ ತುಂಬಲಿಲ್ಲ. ಕಬ್ಬಿಣದ ಒಲೆ, ಜಿಂಕೆ ಬಂದೂಕು, ಮೇಪಲ್ ಪಾಕದ ಡಬ್ಬಿಗಳು. ಮತ್ತೆ ಆ ಬಿದಿರಿನ ಗಾಳದ ಕೋಲು. ಬುಡದ ತುಂಡು, ನಡುವಿನ ತುಂಡು, ಒಂದು ಮುರಿದರೆ ಇನ್ನೊಂದಿರಲಿ ಎಂದು ಎರಡು ತುದಿಗಳು. ಅಪ್ಪ ಅದರಲ್ಲಿ ಊರ ಹೊಳೆಯ ಹಂಡೆ ಮಡುವಿನ ಟ್ರೌಟ್ ಮೀನು ಹಿಡಿದು ನಮ್ಮನ್ನು ಸಾಕಿದ. ಕಾರ್ಖಾನೆಯ ಸಂಬಳ ಸಾಕಿದ್ದು ಕಾರ್ಖಾನೆಯ ಮಾಲೀಕರನ್ನು ಮಾತ್ರ.

ಈಗ ಹಂಡೆ ಮಡುವಿಗೂ ಬೇಲಿ ಬಿದ್ದಿದೆ. ನ್ಯೂಯಾರ್ಕಿನಿಂದ ವಾರಾಂತ್ಯಕ್ಕೆ ಬಂದು ರಬ್ಬರ್ ಚಡ್ಡಿ ತೊಟ್ಟು ಗಾಳ ಹಿಡಿದು ನೀರಿನಲ್ಲಿ ನಿಲ್ಲುವ ಧಣಿಗಳ ಕ್ಲಬ್ಬು ಮಡುವಿನ ಪಕ್ಕದ ಹೊಲ ಕೊಂಡಿದೆ. ಹೊಲದ ಜೊತೆ ಊರಿನ ಹಳೇ ಗಾಡಿದಾರಿಯೂ ತಮ್ಮದೇ ಎಂದು ಫಲಕ ಹೊಡೆದಿದೆ. ಹರಿಯುವ ನೀರಿಗೆ ಬೀಗ! ಈ ದೇಶದಲ್ಲಿ ಗಾಳಿಗೆ ಬೀಗ ಹಾಕುವ ಕಂಪನಿ ಇನ್ನೂ ಹುಟ್ಟಿಲ್ಲ, ಅಷ್ಟೇ ಸಮಾಧಾನ.

ಕೋಲನ್ನು ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆಗಳ ಪಕ್ಕ ನಿಲ್ಲಿಸಿದೆ.

ಮಾರ್ಚ್ ೧೭

‘ಹೊಳೆ ನಮ್ಮದು’ ಸಮಿತಿಯ ಸಭೆ ಓಪಲ್ ಸ್ಪ್ರೇಗ್ ನಡೆಸುವ ಊಟದಂಗಡಿಯಲ್ಲಿ ನಡೆಯಿತು. ನಾನು ಅಧ್ಯಕ್ಷ, ಓಪಲ್ ಖಜಾಂಚಿ. ಗಾಡಿದಾರಿ ಊರಿನದು ಎಂದು ಕೋರ್ಟಿನಲ್ಲಿ ಕೇಸು ಹಾಕಬೇಕು. ವಕೀಲ ಸಿಕ್ಕಿದ್ದಾನೆ, ದುಡ್ಡು ಸಿಕ್ಕಿಲ್ಲ.

“ನಾಕು ಸಾವ್ರ ಡಾಲರು ಮುಂಗಡ ಇಡು ಅಂತಾನೆ ವಕೀಲ,” ಎಂದಳು ಓಪಲ್. “ನಮ್ ಡಬ್ಬೀಲಿ ಪ್ಯಾನ್‌ಕೇಕ್ ಮಾರಿದ್ ಕಾಸು, ಅದರ ಜೊತೆ ಒಂದು ಗುಂಡಿ. ಯಾವನೋ ಪುಣ್ಯಾತ್ಮ ಅಂಗಿ ಗುಂಡಿ ಹಾಕವ್ನೆ.”

ನಾನು ಎದ್ದು ನಿಂತು ಐತಿಹಾಸಿಕವಾದ ಮಾತಾಡಿದೆ. ಉಪ್ಪು ತಿಂದ ಬೆವರಿನ ಬಗ್ಗೆ, ನೆಲದ ಮಕ್ಕಳ ಬಗ್ಗೆ.

“ಭಾಷಣ ನಿಲ್ಸು ಮಾರಾಯ, ಕಾಫಿ ಆರ್ತದೆ,” ಎಂದಳು ಓಪಲ್. “ನಿಮ್ಮಪ್ಪನ ಬಿದ್ರು ಕೋಲು ಇದ್ಯಲ್ಲ, ಅದನ್ನ ಮಾರು. ಆ ಹಳೇ ಕೋಲುಗಳಿಗೆ ಈಗ ಹುಚ್ಚು ಹಿಡ್ದೋರು ಹುಟ್ಕೊಂಡವ್ರೆ. ಥೇಯರ್ ಅಂತ ಒಬ್ಬ ದಲ್ಲಾಳಿ ಅವ್ನೆ, ಕರಿಸ್ಲಾ?”

ಕರಿಸು ಎಂದೆ. ಬಂದ ಬೆಲೆಯ ಕೊನೇ ಕಾಸೂ ಕೇಸಿಗೆ ಎಂದು ಎಲ್ಲರೆದುರು ಮಾತು ಕೊಟ್ಟೆ. ಚಪ್ಪಾಳೆ ಬಿತ್ತು. ಒಂದು ಬಿದಿರಿನ ತುಂಡಿನ ಮೇಲೆ ವ್ಯಾಮೋಹ ಇಟ್ಟುಕೊಳ್ಳುವ ಜಾತಿ ನನ್ನದಲ್ಲ.

ಮಾರ್ಚ್ ೨೬

ಥೇಯರ್ ಬಂದಿದ್ದ. ಉಣ್ಣೆ ಕೋಟು, ಸಣ್ಣ ಮೀಸೆ. ಕೋಲು ಮುಟ್ಟುವ ಮೊದಲು ಕೈ ತೊಳೆಯಲು ಸೋಪು ಕೇಳಿದ. ಡಾಕ್ಟರರೂ ನಮ್ಮಂಥವರ ಮೈ ಮುಟ್ಟುವಾಗ ಇಷ್ಟು ಮಡಿ ಮಾಡಿದ್ದು ನಾನು ಕಂಡಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ತುಂಡುಗಳನ್ನು ಮಲಗಿಸಿದ. ಎರಡು ತುದಿಗಳನ್ನೂ ಅಕ್ಕಪಕ್ಕ ಇಟ್ಟು ಉದ್ದ ನೋಡಿದ, ಸಮ ಇದ್ದವು. ತುಂಡುಗಳನ್ನು ಕೂಡಿಸುವ ಲೋಹದ ಕೊಳವೆಗಳನ್ನು ಕಿವಿಯ ಹತ್ತಿರ ಹಿಡಿದು ಎಳೆದ. ಬಾಟಲಿಯ ಬಿರಡೆ ತೆಗೆದ ಸದ್ದು ಬಂತು. ಖುಷಿಪಟ್ಟ.

“ನಿಮ್ಮ ತಂದೆ ಇದನ್ನ ಬಳಸ್ತಿದ್ರಾ?”

“ಮೀನು ಹಿಡೀತಿದ್ರು. ಇನ್ನೇನು ಜೇಡನ ಬಲೆ ತೆಗೀತಿದ್ರಾ?”

“ಪಾಪ,” ಎಂದ. ಅಪ್ಪನಿಗಲ್ಲ, ಕೋಲಿಗೆ. “ಬಳಸದೇ ಇದ್ದಿದ್ರೆ ಬೆಲೆ ಇನ್ನೂ ಮೇಲೆ ಹೋಗ್ತಿತ್ತು.”

ನೋಡಿದಿರಾ ಇವರ ಲೆಕ್ಕ! ದುಡಿದಷ್ಟೂ ಬೆಲೆ ಇಳಿಯಬೇಕು. ಕೆಲಸ ಮಾಡದೆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಮಾನ್ಯ. ಮನುಷ್ಯರಿಗೆ ಇಟ್ಟ ನ್ಯಾಯವನ್ನೇ ಬಿದಿರಿಗೂ ಇಟ್ಟಿದ್ದಾರೆ. ಹೀಗೆ ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಭೂತಗನ್ನಡಿ ಹಿಡಿದು ಕಲ್ಲಾದ.

ಕೋಲಿನುದ್ದಕ್ಕೂ ಅಲ್ಲಲ್ಲಿ ರೇಷ್ಮೆ ದಾರದ ಸುತ್ತುಗಳಿವೆ. ಗಾಳದ ದಾರ ಓಡುವ ಉಂಗುರಗಳನ್ನು ಬಿದಿರಿಗೆ ಕಟ್ಟುವುದು ಆ ಸುತ್ತುಗಳೇ.

“ಮಿಸ್ಟರ್ ನಿಫೆನ್, ಈ ರೇಷ್ಮೆ ಎಡಕ್ಕೆ ಸುತ್ತಿದೆ.”

“ಅದ್ಕೇನೀಗ?”

“ಬೇರೆ ಎಲ್ಲ ಕಾರ್ಖಾನೇಲೂ ಬಲಕ್ಕೆ ಸುತ್ತೋರು. ಎಡಕ್ಕೆ ಸುತ್ತಿರೋದು ಒಬ್ಬನ ಕೋಲುಗಳಲ್ಲಿ ಮಾತ್ರ. ಆಂಬ್ರೋಸ್ ಲೀಲ್. ಎಡಗೈಯ ಮಾಂತ್ರಿಕ ಅಂತೀವಿ ಅವನಿಗೆ. ಆ ಎಡಗೈ ಬಗ್ಗೆ ಜನ ಪ್ರಬಂಧ ಬರ್ದಿದಾರೆ.”

ಲೀಲ್ ಗೊತ್ತು. ಮೇಲಿನ ಕಣಿವೆಯಲ್ಲಿ ಅವನ ಕೋಲಿನ ಕಾರ್ಖಾನೆ ಇತ್ತು. ವರ್ನಾ ಅತ್ತೆ, ಅಪ್ಪನ ತಂಗಿ, ಅಲ್ಲಿ ಕೂಲಿಗೆ ಹೋಗುತ್ತಿದ್ದಳು. ಲೀಲ್ ಮಾರುವ ಪ್ರತಿ ಕೋಲಿಗೂ ಹಿಡಿಯ ಮೇಲ್ಗಡೆ ಶಾಯಿಯಲ್ಲಿ ಸಹಿ ಹಾಕಿ ವಾರ್ನಿಷ್ ಬಳಿಯುತ್ತಿದ್ದನಂತೆ. ನಮ್ಮದರ ಮೇಲೆ ಸಹಿ ಇಲ್ಲ. ಹಾಗಾದರೆ ಇದು ಬೇರೆ ಯಾರದೋ ಎಂದೆ.

“ಉಲ್ಟಾ!” ಎಂದ ಥೇಯರ್, ಅವನ ಮೀಸೆ ನಡುಗುತ್ತಿತ್ತು. “ಸಹಿ ಇಲ್ಲ ಅಂದ್ರೆ ಮಾರೋಕೆ ಮಾಡಿದ್ದಲ್ಲ. ತನಗೋಸ್ಕರ ಮಾಡ್ಕೊಂಡದ್ದು! ಅಂಥಾದ್ದು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಒಂಬತ್ತು ಸಾವಿರಕ್ಕೆ ಕೊಳ್ಳೋರು ನನಗೆ ಗೊತ್ತು. ಒರೆಸಬೇಡಿ, ಉಜ್ಜಬೇಡಿ, ಬಿಸಿಲಿಗೆ ಇಡಬೇಡಿ.”

ಒಂಬತ್ತು! ಕ್ಲಬ್ಬಿನ ಬೇಲಿ ಈಗಲೇ ಅಲುಗುವ ಸದ್ದು ಕೇಳಿಸುತ್ತಿದೆ.

ಮಾರ್ಚ್ ೨೭

ಗ್ಯಾರೇಜಿನಲ್ಲಿ ತೇವ ಜಾಸ್ತಿ. ಕೋಲನ್ನು ಮಲಗುವ ಕೋಣೆಗೆ ತಂದೆ.

ಏಪ್ರಿಲ್ ೧

ಮೀನು ಹಿಡಿಯುವ ಕಾಲ ಇವತ್ತು ಶುರು. ಬೇಲಿಯ ಮುಂದೆ ಸಮಿತಿಯ ಪ್ರತಿಭಟನೆ. ಒಂದು ಕಡೆ ಕೆಸರು, ಒಂದು ಕಡೆ ಹಿಮ, ನಡುವೆ ನಾವು. ಊರಿನವರೆಲ್ಲ ತಮ್ಮ ತಮ್ಮ ಗಾಳದ ಕೋಲುಗಳನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದರು. ನಾನು ತಡವಾಗಿ ಹೋದೆ. ಮನೆಗೆ ಹೊಸ ಬೀಗ ಹಾಕಿಸಲು ಬೀಗದವನು ಬರುವುದಿತ್ತು.

“ಎಲ್ಲಯ್ಯಾ ನಿನ್ ಕೋಲು?” ಓಪಲ್ ಕೇಳಿದಳು.

“ಮಳೆ ಬರೋ ಹಂಗದೆ. ಅದಕ್ಕೆ ನೀರು ಆಗಲ್ಲ.”

“ಗಾಳದ ಕೋಲಿಗೆ ನೀರು ಆಗಲ್ವಾ! ಹಸೂಗೆ ಹುಲ್ಲು ಆಗಲ್ಲ ಅಂದಂಗಾಯ್ತು.”

ಎಲ್ಲರೂ ನಕ್ಕರು. ನಗಲಿ. ಮೂಲ ವಾರ್ನಿಷ್ ಅಂದರೆ ಏನು ಎಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಿಜ ಹೇಳಬೇಕೆಂದರೆ ಅಪ್ಪನದೂ ಅಜಾಗರೂಕತೆಯೇ. ಮಳೆಯಲ್ಲಿ ಹಿಡಿದಿದ್ದಾನೆ, ಜಡಿಮಳೆಯಲ್ಲಿ. ಬುಡದ ತುಂಡಿನ ಮೇಲೆ ಎಲ್ಲೋ ಬಂಡೆಗೆ ಬಡಿದ ಗಾಯ ಇದೆ. ಆ ಒಂದು ಗಾಯಕ್ಕೆ ಎಷ್ಟು ನೂರು ಹೋಯಿತೋ.

ಸಂಜೆ ಸಮಿತಿಯ ಇಬ್ಬರು ಹುಡುಗಿಯರು ಕೋಲು ನೋಡಬೇಕೆಂದು ಮನೆಗೇ ಬಂದರು. ಬಾಗಿಲಲ್ಲಿ ನಿಂತು ನೋಡಿ ಎಂದೆ.

ಏಪ್ರಿಲ್ ೯

ವರ್ನಾ ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆ ಕಾಡು ಬೆಳ್ಳುಳ್ಳಿ ಸೊಪ್ಪು ಹಾಕಿ ಆಲೂಗಡ್ಡೆ ಹುರಿದಿದ್ದಳು; ಮನೆಯೆಲ್ಲ ಘಾಟು. ತಟ್ಟೆ ಮುಂದಿಟ್ಟು ಸುದ್ದಿ ಹೇಳಿದೆ. ಲೀಲ್ ತನಗೋಸ್ಕರ ಮಾಡಿಕೊಂಡ ಕೋಲು, ಒಂಬತ್ತು ಸಾವಿರ, ಎಡಗೈಯ ಮಾಂತ್ರಿಕ.

ಅತ್ತೆ ನಗಲು ಶುರು ಮಾಡಿದಳು. ಆಲೂಗಡ್ಡೆ ಗಂಟಲಿಗೆ ಸಿಕ್ಕಿ ನಾನು ಬೆನ್ನು ಗುದ್ದಬೇಕಾಯಿತು.

“ಆಂಬ್ರೋಸ್ ಎಡಗೈಯವ್ನಾ? ಲೋ, ಅವನು ಬಲಗೈಲಿ ಬಾಟ್ಲಿ ಹಿಡಿದ್ರೆ ಎಡಗೈಲಿ ಟೊಪ್ಪಿ ಹುಡುಕ್ಕೊತಿದ್ದ. ಜೀವಮಾನದಲ್ಲಿ ಒಂದು ಸೂಜಿಗೆ ದಾರ ಪೋಣಿಸಿದೋನಲ್ಲ. ಸುತ್ತೋದು ಹೆಂಗಸರ ಕೆಲ್ಸ ಕಣೋ. ಮೊದಮೊದ್ಲು ಮೂರು ಜನ ಇದ್ವಿ. ಆಮೇಲೆ ನಾನೊಬ್ಳೇ.”

ಮುಳ್ಳುಚಮಚ ಅವಳ ಎಡಗೈಯಲ್ಲಿತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ ಆ ಕೈಯನ್ನು. ಬಾಲ್ಯದಲ್ಲಿ ನನ್ನ ಬಲಗೆನ್ನೆಗೆ ಬೀಳುತ್ತಿದ್ದ ಏಟುಗಳೆಲ್ಲ ಅದರವೇ.

“ಸುತ್ತಿದ್ದು ನೀನೇ ಇರ್ಬೋದು ಅತ್ತೆ. ಬಿದ್ರು ಸೀಳಿ, ಹೆರೆದು, ಅಂಟಿಸಿದ್ದು ಅವ್ನೇ ತಾನೆ?”

“ಬೇರೇವು ಅವಂದು, ಒಪ್ತೀನಿ. ಕುಡೀದೇ ಇದ್ದಾಗ ಬಿದ್ರು ಹೆರೆಯೋದ್ರಲ್ಲಿ ದೇವ್ರಂಥ ಕೈ. ಈ ಕೋಲು ಮಾತ್ರ ತಲೆಯಿಂದ ಕಾಲಿನ ತನಕ ನಂದು. ನಿಮ್ಮಪ್ಪ ಹೈರಮ್ ಯುದ್ಧ ಮುಗ್ಸಿ ಬಂದೋನು ಮಾತಾಡ್ತಾನೇ ಇರ್ಲಿಲ್ಲ. ಊಟಕ್ಕೆ ಕರುದ್ರೆ ಗೋಡೆ ನೋಡೋನು. ಭಾನುವಾರ ಭಾನುವಾರ ಕಾರ್ಖಾನೆಗೆ ಹೋಗಿ, ಅವರು ಬಿಸಾಕಿದ್ ಬಿದಿರಲ್ಲಿ ಒಳ್ಳೇ ಸೀಳು ಆರ್ಸಿ, ಹೆರ್ದು, ಆರಾರು ಸೀಳು ಕೂಡ್ಸಿ ಅಂಟಿಸ್ದೆ. ಅವ್ನ ಕೈಗೆ ಕೊಟ್ಟೆ. ಮಡುವಿಗೆ ಹೋಗಿ ಬಂದು ‘ಉಪ್ಪು ಎಲ್ಲಿ’ ಅಂದ. ಅಷ್ಟು ತಿಂಗ್ಳಲ್ಲಿ ಅದೇ ಮೊದಲ್ನೇ ಮಾತು.”

“ಸಹಿ ಯಾಕೆ ಹಾಕ್ಲಿಲ್ಲ ಮತ್ತೆ?”

“ಆಂಬ್ರೋಸ್‌ಗೆ ಗೊತ್ತಾಗಿದ್ರೆ ಕೆಲ್ಸ ಹೋಗ್ತಿತ್ತು. ಹೆಣ್ಣು ಮಾಡಿದ್ ಕೋಲು ಯಾವನು ಕೊಳ್ತಾನೆ ಅನ್ನೋನು ಅವ್ನು.” ಕೈ ಒರೆಸಿಕೊಂಡು ನನ್ನ ಕಡೆ ಬಗ್ಗಿದಳು. ಕಣ್ಣು ಹುಡುಗಿಯ ಹಾಗೆ ಹೊಳೆಯುತ್ತಿದ್ದವು. “ಈಗ ಹೇಳ್ಬೋದಲ್ಲ ಲೈಲ್? ಒಂಬತ್ತು ಸಾವ್ರ ಅಂದ್ನಾ? ನನ್ ಕೋಲಿಗಾ? ಹೇಳು ಅವ್ನಿಗೆ, ಮಾಡ್ದೋಳು ಇನ್ನೂ ಬದುಕವ್ಳೆ ಅಂತ. ನನ್ ಹೆಸರು ಹೇಳ್ಬಿಡು.”

ಹೇಳ್ತೀನಿ ಎಂದೆ. ಆಲೂಗಡ್ಡೆ ಮುಗಿಸಲು ಆಗಲಿಲ್ಲ.

ಏಪ್ರಿಲ್ ೧೦

ಶಾಂತವಾಗಿ ಯೋಚಿಸಬೇಕು. ಭಾವುಕತೆ ಚಳವಳಿಯ ಶತ್ರು. ಒಬ್ಬ ವ್ಯಕ್ತಿಯ ಹೆಸರು ದೊಡ್ಡದೋ, ಇಡೀ ಊರಿನ ಹೊಳೆ ದೊಡ್ಡದೋ? ಕೆಲಸಗಾರರ ಬೆವರಿಗೆ ಮನ್ನಣೆ ಸಿಗಬೇಕು ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡವನು ನಾನು. ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮನ್ನಣೆಗೂ ಒಂದು ಸಮಯ ಇರುತ್ತದೆ. ಈಗ ಲೀಲನ ಹೆಸರು ನಮ್ಮ ಕೈಯಲ್ಲಿರುವ ಆಯುಧ. ಶತ್ರುವಿನ ಮೌಢ್ಯವನ್ನೇ ಶತ್ರುವಿನ ಮೇಲೆ ತಿರುಗಿಸುವುದು ತಂತ್ರ. ಅತ್ತೆಯ ವಿಷಯವನ್ನು ಕೇಸು ಗೆದ್ದ ಮೇಲೆ, ಸೂಕ್ತ ವೇದಿಕೆಯಲ್ಲಿ, ಒಂದು ಠರಾವಿನ ಮೂಲಕ ಎತ್ತಿಕೊಳ್ಳಬಹುದು. ಒಂದು ಶಾಲು ಹೊದಿಸಬಹುದು.

ಅಲ್ಲದೆ ಅತ್ತೆಗೆ ವಯಸ್ಸಾಗಿದೆ. ನೆನಪು ಎಷ್ಟು ಸರಿಯಿದೆಯೋ.

ಏಪ್ರಿಲ್ ೧೬

ಥೇಯರ್ ಫೋನು ಮಾಡಿದ. ಸುಮ್ಮನೆ, ಊಹೆಗೆ ಎಂಬಂತೆ ಕೇಳಿದೆ: ಇದನ್ನು ಲೀಲ್ ಅಲ್ಲದೆ ಅವನ ಕಾರ್ಖಾನೆಯ ಕೂಲಿಯವರು ಯಾರಾದರೂ ಮಾಡಿದ್ದರೆ?

“ಇನ್ನೂರು ಡಾಲರ್. ರೇಷ್ಮೆ ಚೆನ್ನಾಗಿದೆ ಅಂತ.”

“ಕೋಲು ಅದೇ ಕೋಲಲ್ವಾ?”

“ನೀವು ತಮಾಷೆ ಮಾಡ್ತೀರಿ,” ಎಂದು ನಕ್ಕ. ಆಮೇಲೆ ಕೊಳ್ಳುವವರ ಹೆಸರು ಹೇಳಿದ. ವಿಟ್ಲಾಕ್. ಬೇಲಿ ಹಾಕಿದ ಕ್ಲಬ್ಬಿನ ಅಧ್ಯಕ್ಷ! ನನ್ನ ಫೋಟೋಕ್ಕೆ ಅವನ ಕಾವಲುಗಾರರು ಬಾಣ ಎಸೆಯುತ್ತಾರೆಂದು ಸುದ್ದಿ. ಅವನ ದುಡ್ಡಿನಲ್ಲೇ ಅವನ ಮೇಲೆ ಕೇಸು! ಓಪಲ್‌ಗೆ ಇದನ್ನು ಈಗ ಹೇಳುವುದು ಬೇಡ, ಅವಳಿಗೆ ರಾಜಕೀಯದ ಸೂಕ್ಷ್ಮ ತಿಳಿಯುವುದಿಲ್ಲ.

ಒಂದು ತೊಡಕು ಇದೆ. ಕೋಲು ಲೀಲನ ಕೈಯಿಂದ ಅಪ್ಪನಿಗೆ ಹೇಗೆ ಬಂತು ಎಂಬುದಕ್ಕೆ ವಿಟ್ಲಾಕ್‌ಗೆ ಸಾಕ್ಷಿ ಬೇಕಂತೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಬದುಕಿದ್ದರೆ ಅವರಿಂದ ಒಂದು ಹೇಳಿಕೆ.

“ಅಂಥೋರು ಯಾರಾದ್ರೂ ಗೊತ್ತಾ ನಿಮಗೆ?” ಎಂದು ಕೇಳಿದ ಥೇಯರ್.

ಗೊತ್ತು ಎಂದೆ.

ಏಪ್ರಿಲ್ ೨೦

ಹೇಳಿಕೆಯನ್ನು ನಾನೇ ಬರೆದೆ. ಪಿನ್ ಕಾರ್ಖಾನೆಯ ಯೂನಿಯನ್ನಿಗೆ ಎಷ್ಟೋ ಕರಪತ್ರ ಬರೆದ ಕೈ, ಚೆನ್ನಾಗಿಯೇ ಬಂತು. “ಲೀಲ್ ಅವರು ತಮ್ಮ ಸ್ವಂತ ಬಳಕೆಗೆ ಮಾಡಿಕೊಂಡಿದ್ದ ಈ ಕೋಲನ್ನು ಪ್ರೀತಿಯಿಂದ ನನ್ನ ಅಣ್ಣನಿಗೆ ಕೊಟ್ಟರು. ಅವರ ಅಪಾರ ಪ್ರತಿಭೆಗೆ ನಾನು ಪ್ರತ್ಯಕ್ಷ ಸಾಕ್ಷಿ.” ಅತ್ತೆಗೆ ಓದಿ ಹೇಳಿದೆ.

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಅಪಾರ ಪ್ರತಿಭೆ,” ಎಂದಳು ಆಮೇಲೆ. “ಅವನ ಪ್ರತಿಭೆಗೆ ನಾನು ಸಾಕ್ಷಿ.”

“ಅತ್ತೆ, ನಾಲ್ಕು ಸಾಲು ಅಷ್ಟೆ. ಊರಿಗೋಸ್ಕರ. ಕೇಸು ಗೆದ್ದ ಮೇಲೆ ನಿನ್ ವಿಷಯ ನಾನೇ ಎತ್ತಿ ಹಿಡೀತೀನಿ. ಕೆಲಸಗಾರರ ಪರವಾಗಿ ನಾನಲ್ದೆ ಇನ್ಯಾರು ಮಾತಾಡ್ತಾರೆ?”

“ಅದೂ ಸರೀನೇ. ನೀನಲ್ದೆ ಇನ್ಯಾರು!” ನನ್ನ ಕೆನ್ನೆ ತಟ್ಟಿದಳು, ಎಡಗೈಯಲ್ಲಿ, ಸ್ವಲ್ಪ ಜೋರಾಗೇ. “ಶನಿವಾರ ಅವನ್ನ ಇಲ್ಲಿಗೇ ಕರ್ಕೊಂಡ್ ಬಾ. ಕೋಲೂ ತಗೊಂಡ್ ಬಾ. ಸಹಿ ಅಂದ್ಮೇಲೆ ಸರಿಯಾಗಿ ಹಾಕ್ಬೇಕು. ಒಳ್ಳೇ ಕಪ್ಪು ಶಾಯಿ, ಸಣ್ಣ ಮೊನೆ ಪೆನ್ನು ಬೇಕು. ಈ ಬಾಲ್‌ಪೆನ್ನಿಗೆಲ್ಲ ನನ್ ಕೈ ಓಡಲ್ಲ.”

ಅರ್ಥ ಮಾಡಿಕೊಂಡಳು. ನಮ್ಮ ಜನ ಕೊನೆಗೆ ಅರ್ಥ ಮಾಡಿಕೊಳ್ಳುತ್ತಾರೆ, ತಾಳ್ಮೆಯಿಂದ ತಿಳಿಸಿ ಹೇಳಬೇಕಷ್ಟೇ. ಪೇಟೆಗೆ ಹೋಗಿ ಶಾಯಿ ನಾನೇ ತಂದೆ. ಅತ್ಯುತ್ತಮವಾದದ್ದು, ಎಷ್ಟು ವರ್ಷವಾದರೂ ಮಾಸುವುದಿಲ್ಲವಂತೆ.

ಏಪ್ರಿಲ್ ೨೩

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಥೇಯರ್ ಹೊತ್ತಿಗೆ ಸರಿಯಾಗಿ ಬಂದ. ಅತ್ತೆ ರೂಬಾರ್ಬ್ ದಂಟಿನ ಸಿಹಿ ಕಡುಬು ಮಾಡಿದ್ದಳು. ಇಬ್ಬರಿಗೂ ಕೊಟ್ಟು, ಮೇಜು ಒರೆಸಿ, “ಎಲ್ಲಿ, ಒಂದ್ಸಲ ಕೋಲು ನೋಡ್ತೀನಿ,” ಎಂದಳು. ಥೇಯರ್ ಬುಡದ ತುಂಡನ್ನು ಮಗುವಿನ ಹಾಗೆ ಅವಳ ತೋಳಿಗೆ ಇಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬಂಡೆಗೆ ಬಡಿದ ಗಾಯದ ಮೇಲೆ ಹೆಬ್ಬೆರಳು ಆಡಿಸಿದಳು.

“ಇಲ್ಲಿ ಬಿದ್ದವ್ನೆ ನೋಡು ಹೈರಮ್,” ಎಂದಳು. “ಮನೇಲಿ ಹೇಳೇ ಇಲ್ಲ.”

ಏಪ್ರನ್ನಿನ ಜೇಬಿನಿಂದ ಮರಳುಕಾಗದದ ಚೂರು ತೆಗೆದು, ಬೆಂಡಿನ ಹಿಡಿಯ ಮೇಲ್ಗಡೆ ಬಿದಿರಿನ ಮೇಲೆ ಮೆಲ್ಲಗೆ ಉಜ್ಜಿದಳು. ನಾನು ಧೂಳು ಒರೆಸುತ್ತಿದ್ದಾಳೆ ಅಂದುಕೊಂಡೆ. ಥೇಯರ್ ಬಾಯಲ್ಲಿ ಕಡುಬು ಇಟ್ಟುಕೊಂಡು ಕಣ್ಣು ಬಿಟ್ಟ. ಅಷ್ಟರಲ್ಲಿ ಅವಳು ನಾನು ತಂದ ಪೆನ್ನನ್ನು ನಾನು ತಂದ ಶಾಯಿಗೆ ಅದ್ದಿ, ಕೋಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯಲು ತೊಡಗಿದಳು. ಎಡಗೈಯಲ್ಲಿ. ಅಕ್ಷರ ಸಣ್ಣ, ಸಾಲು ನೇರ.

“ಅಮ್ಮಾ! ಏನು ಮಾಡ್ತಿದೀರಿ!” ಎಂದು ಥೇಯರ್ ಕಿರುಚಿದ.

“ಬಾಕಿ ಇದ್ದ ಕೆಲ್ಸ.”

“ಲೈಲ್, ಹಿಡೀರಿ ಅವರನ್ನ!”

ನಾನು ಎದ್ದೆ. ಅತ್ತೆ ತಲೆ ಎತ್ತದೆ, “ಮುಟ್ಟಿದ್ಯೋ, ಕೈ ಮುರೀತೀನಿ. ಶಾಯಿ ಹಸಿ ಅದೆ,” ಎಂದಳು. ಕೂತೆ.

ವರ್ನಾ ನಿಫೆನ್, ೧೯೪೬ ಎಂದು ಬರೆದು ಮುಗಿಸಿ ಬಾಯಿಂದ ಊದಿದಳು. ಆಮೇಲೆ ಥೇಯರ್‌ಗೆ ಎಲ್ಲ ಹೇಳಿದಳು: ಭಾನುವಾರಗಳು, ಬಿಸಾಕಿದ ಬಿದಿರು, ಲೀಲನ ಬಾಟಲಿ, ಎಡಗೈ. ಜಂಬದಿಂದ, ಮೇಜು ಗುದ್ದಿ ಗುದ್ದಿ ಹೇಳಿದಳು. ಥೇಯರ್ ಅವಳ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಕರವಸ್ತ್ರದಿಂದ ಮೀಸೆ ಒರೆಸಿಕೊಂಡ.

“ನೀವು ಹೇಳೋದು ನಿಜಾನೇ ಇರಬೇಕು. ಆದರೆ ಅದರಿಂದ ಏನೂ ಬದಲಾಗಲ್ಲ ಅಮ್ಮಾ. ಕೊಳ್ಳೋರು ಕೋಲು ಕೊಳ್ಳಲ್ಲ, ಹೆಸರು ಕೊಳ್ತಾರೆ.”

“ಹೆಸರು ಹಾಕ್ಕೊಟ್ಟೆನಲ್ಲ, ಇನ್ನೇನಂತೆ?”

ಅವನು ಟೊಪ್ಪಿ ಹಾಕಿಕೊಂಡು ಎದ್ದ. ಬಾಗಿಲಲ್ಲಿ ನಿಂತು, ಕನಿಕರಕ್ಕೆ, ಐವತ್ತು ಡಾಲರ್ ಕೊಡಬಹುದು ಎಂದ. ಅತ್ತೆ ಅವನಿಗೆ ಇನ್ನೊಂದು ತುಂಡು ಕಡುಬು ಕಾಗದದಲ್ಲಿ ಸುತ್ತಿಕೊಟ್ಟಳು. ದಾರಿಗೆ.

ಕಾರು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಎಲ್ಲಿ ನಿನ್ ಹೇಳಿಕೆ? ಕೊಡು, ಅದಕ್ಕೂ ಹಾಕ್ತೀನಿ. ಈಗ ಕೈ ಕುದುರಿದೆ.”

ಏಪ್ರಿಲ್ ೨೪

ಹಾಳು ಮುದುಕಿ.

ಏಪ್ರಿಲ್ ೩೦

ಸಮಿತಿಯ ಸಭೆ. ತಾಂತ್ರಿಕ ಕಾರಣಗಳಿಂದ ಮಾರಾಟ ಮುಂದಕ್ಕೆ ಹೋಗಿದೆ ಎಂದು ವರದಿ ಒಪ್ಪಿಸಿದೆ.  ಓಪಲ್ ಕಾಫಿ ಬಗ್ಗಿಸುತ್ತಾ ಬಂದು ನನ್ನ ಬಟ್ಟಲನ್ನು ಬಿಟ್ಟು ಪಕ್ಕದವರದಕ್ಕೆ ಹಾಕಿದಳು.

“ತಾಂತ್ರಿಕ ಕಾರಣ ನಿನ್ನೆ ಉಣ್ಣೆ ಕೋಟು ಹಾಕ್ಕೊಂಡು ಇಲ್ಲಿಗೇ ಬಂದು ಎರಡು ಮೊಟ್ಟೆ ತಿಂದ್ಕೊಂಡು ಹೋಯ್ತು ಲೈಲ್,” ಎಂದಳು. “ಎಲ್ಲಾ ಹೇಳ್ತು. ವಿಟ್ಲಾಕ್‌ಗೆ ಮಾರ್ತಿದ್ದದ್ದೂ ಹೇಳ್ತು. ಪಿನ್ ಕಾರ್ಖಾನೆ ಮುಚ್ದಾಗ ಮಾಲೀಕ್ರು ಒಂದು ಕಾಗ್ದ ತಂದು ‘ಇದಕ್ಕೆ ಸಹಿ ಹಾಕಿ, ನಿಮ್ಮ ಒಳ್ಳೇದಕ್ಕೇ’ ಅಂದಿದ್ರಲ್ಲ, ಆವತ್ತು ಮೇಜು ಹತ್ತಿ ಆ ಕಾಗ್ದ ಹರ್ದೋನು ಯಾರಯ್ಯಾ? ನಿನ್ ಥರಾನೇ ಇದ್ದ ನೋಡೋಕೆ.”

ಇದು ವೈಯಕ್ತಿಕ ದಾಳಿ. ಪರಿಸ್ಥಿತಿಯ ವಿಶ್ಲೇಷಣೆ ಬೇರೆ, ಚುಚ್ಚುಮಾತು ಬೇರೆ. ಆ ಎರಡು ಕಾಗದಗಳಿಗೂ ಇರುವ ವ್ಯತ್ಯಾಸ ವಿವರಿಸಲು ಎದ್ದು ನಿಂತೆ. ತುಂಬಾ ವ್ಯತ್ಯಾಸ ಇದೆ.  ಆಮೇಲೆ ಕೂತೆ.

ವಕೀಲ ಇಲ್ಲ, ಕೇಸು ಇಲ್ಲ ಎಂದು ಠರಾವಾಯಿತು. ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಬರುವ ಶನಿವಾರ ಕೋಲು ಬೇಕಂತೆ. ಯಾಕೆ ಎಂದು ಕೇಳಿದೆ.

“ಗಾಳದ ಕೋಲು ಯಾಕೆ ಕೇಳ್ತಾರೆ? ನಿಂಗೆ ಮೂರು ಹೊತ್ತೂ ತಿಳ್ಸಿ ಹೇಳ್ಬೇಕಲ್ಲಪ್ಪ.”

ಮೇ ೭

ನಾನು ಹೋದದ್ದು ಕೋಲಿನ ಸುರಕ್ಷತೆಗೆ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅದು ಕಾನೂನಿನ ಪ್ರಕಾರ ನನ್ನ ಪಿತ್ರಾರ್ಜಿತ. ಅರುವತ್ತೊಂಬತ್ತರ ಹೆಂಗಸು ಅದನ್ನು ಹಿಡಿದು ಜಾರುವ ಕಲ್ಲುಗಳ ಮೇಲೆ ಹೋಗುವಾಗ ಸುಮ್ಮನೆ ಕೂರಲಾಗುವುದಿಲ್ಲ.

ಅತ್ತೆ ಗಾಡಿದಾರಿಯಲ್ಲಿ ನಡೆದಳು, ಮಧ್ಯಾಹ್ನ, ಎಲ್ಲರ ಕಣ್ಣೆದುರು. ಅಪ್ಪನ ಹಳೇ ಬೂಟು ಹಾಕಿಕೊಂಡಿದ್ದಳು, ಎರಡೂ ಸಡಿಲ. ಫಲಕದ ಮುಂದೆ ನಿಂತು ಓದಿದಳು, ತಲೆದೂಗಿದಳು, ತಂತಿಯ ನಡುವೆ ನುಸುಳಿದಳು. ಸ್ಕರ್ಟು ಸಿಕ್ಕಿಕೊಂಡಿತು, ನಾನು ಬಿಡಿಸಿದೆ. ಹಿಂದೆ ನೋಡಿದರೆ ಓಪಲ್, ಅವಳ ಹಿಂದೆ ಸಮಿತಿ, ಅದರ ಹಿಂದೆ ಸಮಿತಿಗೆ ಸೇರಲು ನಾನು ಎರಡು ವರ್ಷ ಕಾಡಿದರೂ ಸೇರದವರು. ಯಾರೂ ಘೋಷಣೆ ಕೂಗಲಿಲ್ಲ. ನಾನೂ ಕೂಗಲಿಲ್ಲ, ಮೀನು ಬೆದರುತ್ತದೆ ಎಂದು ಅತ್ತೆ ಹೇಳಿದ್ದಳು.

ನೀರು ಹಿಮದಷ್ಟೇ ತಣ್ಣಗಿತ್ತು. ಸೆಳೆತ ಜೋರಾಗಿತ್ತು. ಅತ್ತೆ ಮೊಣಕಾಲ ಆಳಕ್ಕೆ ಇಳಿದಳು, ನಾನು ಹಿಂದೆಯೇ ಇಳಿದು ಅವಳ ಬಲ ಮೊಣಕೈ ಹಿಡಿದೆ. ಅವಳು ಕೋಲನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬಿಟ್ಟಳು. ಗಾಳಿಯಲ್ಲಿ ದಾರ ಬಿಚ್ಚಿಕೊಂಡು ಹೋಗಿ ಗಾಳಕ್ಕೆ ಕಟ್ಟಿದ ಗರಿಯ ನೊಣ ನೀರಿಗೆ ಕೂತಿತು. ನಾನು ಈ ಕೋಲನ್ನು ಬಟ್ಟೆಯ ಮೇಲೆ ಮಲಗಿದ್ದು ನೋಡಿದ್ದೆ, ಪೆಟ್ಟಿಗೆಯಲ್ಲಿ ನೋಡಿದ್ದೆ, ಭೂತಗನ್ನಡಿಯಲ್ಲಿ ನೋಡಿದ್ದೆ. ಬಗ್ಗಿದ್ದು ನೋಡಿರಲಿಲ್ಲ, ಅಪ್ಪ ನೋಡಲು ಕರೆದಾಗೆಲ್ಲ ನನಗೆ ಯೂನಿಯನ್ ಸಭೆ ಇರುತ್ತಿತ್ತು.

ಕ್ಲಬ್ಬಿನ ಕಾವಲುಗಾರ ಓಡಿಬಂದ, ಕೂಗಾಡಿದ, ಫೋನಿಗೆ ಓಡಿದ. ಸ್ವಲ್ಪ ಹೊತ್ತಿಗೆ ಶೆರಿಫನ ಕಡೆಯ ಪೊಲೀಸು, ಡೆಪ್ಯುಟಿ ಕ್ಲೇಟನ್ ಬಂದ. ನಾನು ಓಡಿಸುವ ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ ಪ್ರಾಣಿ, ಈಗ ಸೊಂಟದಲ್ಲಿ ಪಿಸ್ತೂಲು.

“ವರ್ನಾ ಅಜ್ಜಿ, ಮೇಲೆ ಬನ್ನಿ. ಅತಿಕ್ರಮಣ ಇದು.”

“ಇದು ಊರಿನ ದಾರಿ ಕಣಪ್ಪ. ಅಲ್ಲ ಅಂತ ಇವ್ರು ಕೋರ್ಟಲ್ಲಿ ತೋರಿಸ್ಲಿ. ಬರ್ಕೊ, ಹೆಸರು ಗೊತ್ತಲ್ಲ.”

ಆಗ ನನಗೆ ಹೊಳೆಯಿತು. ಕೇಸು 'ಹಾಕಲು' ನಮಗೆ ದುಡ್ಡು ಬೇಕಿತ್ತು. ಈಗ ಅವರೇ ಹಾಕುತ್ತಿದ್ದಾರೆ! ದಾರಿ ತಮ್ಮದು ಎಂದು ತೋರಿಸುವ ಹೊರೆ ಅವರ ತಲೆ ಮೇಲೆ. ಈ ತಂತ್ರ ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಅಸ್ಪಷ್ಟವಾಗಿ ಇತ್ತು ಎಂದು ಸಭೆಯ ವರದಿಯಲ್ಲಿ ಸೇರಿಸಬಹುದು. ಓಪಲ್ ಬಿಡುವುದಿಲ್ಲ.

ಕ್ಲೇಟನ್ ಕೋರ್ಟಿಗೆ ಬರಬೇಕೆಂಬ ಚೀಟಿ ಬರೆದ. ಕೋಲನ್ನೂ ವಶಕ್ಕೆ ತೆಗೆದುಕೊಳ್ಳಬೇಕು ಎಂದ.

“ವಶಕ್ಕೆ ತಗೊಂಡ ಮಾಲಿಗೆ ಯಾರು ಮಾಡಿದ್ದು, ಎಷ್ಟು ಬೆಲೆ ಅಂತ ಬರೀಬೇಕು. ಎಷ್ಟಾಗುತ್ತೆ ಅಜ್ಜಿ ಇದು?”

“ನನ್ ಅಳಿಯನ್ನ ಕೇಳು. ಮಾರ್ಚ್ ತಿಂಗಳಿಂದ ಅವನಿಗೆ ಅದೇ ಕೆಲ್ಸ.”

ಎಲ್ಲರೂ ನನ್ನ ಕಡೆ ನೋಡಿದರು. ನೀರಿನಲ್ಲಿ ನನ್ನ ಕಾಲು ಮರಗಟ್ಟಿತ್ತು. ಕ್ಲೇಟನ್ ಪೆನ್ನು ಹಿಡಿದು ಕಾಯುತ್ತಿದ್ದ.

“ಮಾಡಿದ್ದು ಯಾರು ಅಂತ ಹಿಡಿ ಮೇಲೆ ಬರ್ದಿದೆ. ಮೊದ್ಲು ಅದನ್ನ ಬರ್ಕೊ,” ಎಂದೆ. “ಬೆಲೆ ಒಂಬತ್ತು ಸಾವಿರ ಡಾಲರ್.”

“ಸರ್! ಈ ಕೋಲಿಗಾ?”

“ಆ ಹೆಸರಿಗೆ ಅಷ್ಟಿದೆ. ಬರ್ಕೊ. ಒಂದು ತುದಿ ಮುರಿದ್ರೂ ನಿಮ್ಮ ಕೌಂಟಿ ಸರ್ಕಾರ ಕಟ್ಟಿಕೊಡ್ಬೇಕು.”

ಕ್ಲೇಟನ್ ಕೋಲನ್ನು ನೋಡಿದ, ತನ್ನ ಕಾರಿನ ಹಿಂದಿನ ಸೀಟು ನೋಡಿದ, ಅಲ್ಲಿ ಮಲಗಿದ್ದ ಪೊಲೀಸ್ ನಾಯಿಯನ್ನು ನೋಡಿದ. ಕೋಲು ಅಜ್ಜಿಯ ಹತ್ತಿರವೇ ಇರಲಿ ಎಂದ. ನಾನು ಹೇಳಿದ್ದು ಶುದ್ಧ ತಂತ್ರದ ಮಾತು, ಕೋಲು ಕೈತಪ್ಪಬಾರದು ಎಂದು ಅಷ್ಟೆ. ಅತ್ತೆ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಮೂಗು ಒರೆಸಿಕೊಂಡು, ಮತ್ತೆ ದಾರ ಬೀಸಿದಳು. ಜನರೆಲ್ಲ ಒಬ್ಬೊಬ್ಬರಾಗಿ ತಂತಿ ದಾಟಿ ನೀರಿಗಿಳಿಯತೊಡಗಿದರು. ಕ್ಲೇಟನ್‌ನ ಚೀಟಿ ಪುಸ್ತಕ ಮುಗಿದುಹೋಯಿತು.

ನನಗೂ ಚೀಟಿ ಬಂತು. ಒಂದೇ ಚೀಟಿಯಲ್ಲಿ ಇಬ್ಬರ ಹೆಸರು: ಮೇಲೆ ವರ್ನಾ ನಿಫೆನ್, ಕೆಳಗೆ ‘ಜೊತೆಗಿದ್ದವರು, ಲೈಲ್ ನಿಫೆನ್’. ಮೂವತ್ತು ವರ್ಷದ ಹೋರಾಟದಲ್ಲಿ ನನ್ನ ಹೆಸರು ಎರಡನೆಯದಾಗಿ ಬಂದದ್ದು ಇದೇ ಮೊದಲು. ತಿದ್ದು ಎಂದು ಕ್ಲೇಟನ್‌ಗೆ ಹೇಳಬೇಕೆಂದಿದ್ದೆ. ತಿದ್ದಿಸಲು ದಡಕ್ಕೆ ಹೋಗಬೇಕಿತ್ತು, ಹೋದರೆ ಅತ್ತೆಯ ಮೊಣಕೈ ಬಿಡಬೇಕಿತ್ತು. ಸೆಳೆತ ಜೋರಾಗಿದ್ದರಿಂದ ಅಲ್ಲೇ ನಿಂತೆ.